ಬಾಕ್ಸಿಂಗ್ ಶುರು ಮಾಡುವವರಿಗೆ: ಮೊದಲು ಕಾಲು, ಆಮೇಲೆ ಕೈ

ಬಾಕ್ಸಿಂಗ್ ಕಲಿಯಲು ಬಂದವರು ಮೊದಲ ದಿನವೇ ಗ್ಲೋವ್ಸ್ ಏರಿಸಿಕೊಂಡು ಸೀದಾ ಗುದ್ದಲು ನೇತುಹಾಕಿದ ಬ್ಯಾಗಿನ ಮೇಲೆ ಮುಗಿಬೀಳುತ್ತಾರೆ. ದಬದಬ ಸದ್ದು ಬರುತ್ತೆ, ಖುಷಿಯಾಗುತ್ತೆ. ವಾರ ಕಳೆಯುವಷ್ಟರಲ್ಲಿ ಮಣಿಕಟ್ಟು ನೋವು ಅಂತ ಮನೇಲಿ ಕೂರುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲ ಎರಡು ವಾರ ಬ್ಯಾಗನ್ನು ಮುಟ್ಟಲೇಬೇಡಿ. ಒಂದು ಕನ್ನಡಿ ಸಾಕು.

ನಿಲ್ಲುವುದು ಹೇಗೆ? ಬಲಗೈ ರೂಢಿಯವರು ಎಡಗಾಲು ಮುಂದಿಡಿ, ಎಡಚರು ಬಲಗಾಲು. ಪಾದಗಳ ನಡುವೆ ಭುಜದಷ್ಟು ಅಂತರ, ಮೊಣಕಾಲು ಸಡಿಲ, ಹಿಂದಿನ ಹಿಮ್ಮಡಿ ತುಸು ಮೇಲೆ. ಎರಡೂ ಪಾದ ಒಂದೇ ಗೆರೆಯ ಮೇಲೆ ಬರಬಾರದು. ಬಂದರೆ ಪಕ್ಕದಿಂದ ಯಾರಾದರೂ ಮೆಲ್ಲಗೆ ತಳ್ಳಿದರೂ ತೂರಾಡುತ್ತೀರಿ. ಬೇಕಾದರೆ ತಳ್ಳಿಸಿಕೊಂಡು ನೋಡಿ. ಗದ್ದ ಕೆಳಗೆ, ಮುಷ್ಟಿ ಕೆನ್ನೆಯ ಹತ್ತಿರ, ಮೊಣಕೈ ಪಕ್ಕೆಗೆ ಹತ್ತಿರ. ನಡೆಯುವಾಗ ಯಾವ ಕಡೆ ಹೋಗಬೇಕೋ ಆ ಕಡೆಯ ಕಾಲು ಮೊದಲು ಹೋಗಲಿ. ಕಾಲಿಗೆ ಕಾಲು ಅಡ್ಡ ಬರಬಾರದು, ಅಷ್ಟೇ.

ಮುಷ್ಟಿ ಕಟ್ಟುವಾಗ ಹೆಬ್ಬೆರಳು ಹೊರಗಿರಲಿ. ಏಟು ತಾಗಬೇಕಾದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳಿಗೆ. ಕಿರುಬೆರಳಿನ ಕಡೆ ತಾಗಿದರೆ ಅದರ ಹಿಂದಿನ ಅಂಗೈ ಮೂಳೆ ಮುರಿಯುವ ಸಂಭವ ಜಾಸ್ತಿ.

ಈಗ ಜ್ಯಾಬ್. ಮುಂದಿನ ಕೈಯಿಂದ ಕೊಡುವ ಈ ನೇರ ಏಟು ನೋಡಲು ಸುಲಭ, ಕೆಡಿಸುವುದಂತೂ ಇನ್ನೂ ಸುಲಭ. ಕೆಡುವುದು ಮೂರು ಜಾಗದಲ್ಲಿ. ಮೊದಲನೆಯದು ಮೊಣಕೈ. ಏಟಿಗೆ ಮೊದಲೇ ಅದು ಹೊರಗೆ ರೆಕ್ಕೆಯಂತೆ ಎದ್ದರೆ ಎದುರಾಳಿಗೆ ಮುನ್ಸೂಚನೆ ಸಿಕ್ಕಿತು ಅಂತಲೇ ಅರ್ಥ. ಎಡಪಕ್ಕಕ್ಕೆ ಗೋಡೆ ಇಟ್ಟುಕೊಂಡು ನಿಂತು ಜ್ಯಾಬ್ ಮಾಡಿ. ಮೊಣಕೈ ಗೋಡೆಗೆ ತಾಗಿತೋ, ತಪ್ಪು. ಎಡಚರಿಗೆ ಗೋಡೆ ಬಲಕ್ಕಿರಲಿ. ಎರಡನೆಯದು ಭುಜ. ಕೈ ಪೂರ್ತಿ ಚಾಚಿದಾಗ ಭುಜ ಮೇಲೆದ್ದು ಗದ್ದವನ್ನು ಮುಚ್ಚಬೇಕು. ಮುಷ್ಟಿ ತಿರುಗಿ ಅಂಗೈ ನೆಲ ನೋಡುವುದು ಕೊನೆಯ ಗಳಿಗೆಯಲ್ಲಿ, ಮಣಿಕಟ್ಟು ಮಾತ್ರ ನೆಟ್ಟಗೇ ಇರಬೇಕು.

ಮೂರನೆಯದೇ ದೊಡ್ಡ ತಲೆನೋವು: ಕೈ ವಾಪಸ್ ಬರುವುದು. ಹೊಡೆಯುವಾಗ ಎಲ್ಲರೂ ಚುರುಕು. ಹೊಡೆದಾದ ಮೇಲೆ ಕೈ ಸೊಂಟದ ಕಡೆಗೆ ಜಾರಿ, ಅಲ್ಲಿಂದ ಸುತ್ತಿ ಮೇಲೆ ಬರುತ್ತೆ. ಅಷ್ಟು ಹೊತ್ತು ಮುಖ ಬಯಲಲ್ಲಿ. ಹೋದ ದಾರಿಯಲ್ಲೇ, ಹೋದಷ್ಟೇ ವೇಗದಲ್ಲಿ ಕೆನ್ನೆಗೆ ವಾಪಸ್ ಬರಲಿ. ಅಷ್ಟರಲ್ಲಿ ಇನ್ನೊಂದು ಕೈ ಏನು ಮಾಡುತ್ತಿದೆ ಅಂತಲೂ ನೋಡಿ, ಬಹಳ ಜನರದ್ದು ಸುಮ್ನೆ ಎದೆಗೆ ಇಳಿದಿರುತ್ತೆ. ಆ ಕೈಯಲ್ಲಿ ಫೋನ್ ಹಿಡಿದು ಕಿವಿಗೆ ಒತ್ತಿಕೊಂಡು ಜ್ಯಾಬ್ ಮಾಡಿದರೆ ನಾಲ್ಕೇ ದಿನದಲ್ಲಿ ಸರಿಹೋಗುತ್ತೆ. ಪ್ರತಿ ಏಟಿಗೂ ಮೂಗಿನಿಂದ ಚುಟುಕಾಗಿ ಉಸಿರು ಬಿಡಿ. ಉಸಿರು ಕಟ್ಟಿ ಹೊಡೆಯುವವರು ಒಂದು ರೌಂಡ್ ಮುಗಿಯುವ ಮೊದಲೇ ಸುಸ್ತು.

ಹಿಂದಿನ ಕೈಯ ನೇರ ಏಟು, ಅಂದರೆ ಕ್ರಾಸ್, ಸೊಂಟದಿಂದ ಬರುತ್ತೆ: ಹಿಂದಿನ ಪಾದ, ಸೊಂಟ, ಭುಜ ಒಂದರ ಹಿಂದೊಂದು ತಿರುಗಬೇಕು. ಪಕ್ಕದಿಂದ ಬೀಸುವ ಹುಕ್, ಕೆಳಗಿನಿಂದ ಮೇಲಕ್ಕೆ ಕೊಡುವ ಅಪ್ಪರ್‌ಕಟ್‌ಗೆ ಇನ್ನೂ ಟೈಮಿದೆ.

ಕೈಯಲ್ಲಿ ಡಂಬೆಲ್ ಹಿಡಿದು ಗಾಳಿಗೆ ಗುದ್ದಿದರೆ ವೇಗ ಬರುತ್ತೆ ಅನ್ನುವವರಿದ್ದಾರೆ. ತೂಕ ಎಳೆಯುವುದು ಕೆಳಕ್ಕೆ, ನೀವು ಹೊಡೆಯುವುದು ಮುಂದಕ್ಕೆ. ಭುಜ ನೋಯುತ್ತೆ, ಅಷ್ಟೇ ಲಾಭ.

ಬ್ಯಾಗಿಗೆ ಹೋಗುವ ಮೊದಲು ಕೈಪಟ್ಟಿ. 180 ಇಂಚಿನದ್ದೇ ತೆಗೆದುಕೊಳ್ಳಿ, ಚಿಕ್ಕದು ಮಣಿಕಟ್ಟಿಗೂ ಗೆಣ್ಣಿಗೂ ಸಾಲುವುದಿಲ್ಲ. ಬೆರಳು ಅಗಲಿಸಿಕೊಂಡು ಸುತ್ತಿ. ಹೆಬ್ಬೆರಳಿಗೆ ಕುಣಿಕೆ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು, ಬೆರಳ ಸಂದುಗಳಲ್ಲಿ ಒಂದೊಂದು, ಉಳಿದದ್ದು ಮತ್ತೆ ಮಣಿಕಟ್ಟಿಗೆ. ಬೆರಳು ಜೋಮು ಹಿಡಿದರೆ ಬಿಗಿ ಜಾಸ್ತಿಯಾಯ್ತು, ಬಿಚ್ಚಿ ಸುತ್ತಿ. ಸಾಕ್ಸ್ ಥರ ಏರಿಸಿಕೊಳ್ಳುವ ರೆಡಿಮೇಡ್ ಜೆಲ್ ಪಟ್ಟಿಗಳು ನನಗೆ ಹಿಡಿಸುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಗೆಣ್ಣನ್ನು ಕಾಯುತ್ತವೆ, ಮಣಿಕಟ್ಟನ್ನು ಕೈಬಿಡುತ್ತವೆ. ಗ್ಲೋವ್ಸ್ ಬ್ಯಾಗಿಗೆ 12 ಅಥವಾ 14 ಔನ್ಸ್. ಗೆಣ್ಣಿನ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಒಳಗಿನ ಬಟ್ಟೆಯವರೆಗೂ ಬೆರಳು ಇಳಿದರೆ ಅಲ್ಲೇ ಬಿಟ್ಟು ಬನ್ನಿ.

ದಿನದ ಅಭ್ಯಾಸಕ್ಕೆ ಪ್ರತಿ ರೌಂಡ್ 3 ನಿಮಿಷ ಕೆಲಸ, ನಡುವೆ 1 ನಿಮಿಷ ವಿರಾಮ. ಎರಡು ರೌಂಡ್ ಸ್ಕಿಪ್ಪಿಂಗ್, ಮೂರು ರೌಂಡ್ ಕನ್ನಡಿ ಮುಂದೆ, ಮೊದಲ ಎರಡು ವಾರ ಕಳೆದಿದ್ದರೆ ಆಮೇಲೆ ಬ್ಯಾಗ್. ವಾರಕ್ಕೆ ಮೂರು ದಿನ ಸಾಕು.

ಸ್ಪಾರಿಂಗ್‌ಗೆ, ಅಂದರೆ ಜೊತೆಗಾರನ ಜೊತೆ ಅಭ್ಯಾಸದ ಕಾಳಗಕ್ಕೆ, ಅವಸರ ಬೇಡ. ಕೋಚ್ ಹೇಳಿದಾಗಲೇ ಇಳಿಯಿರಿ, 16 ಔನ್ಸ್ ಗ್ಲೋವ್ಸ್ ಮತ್ತು ಮೌತ್‌ಗಾರ್ಡ್ ಜೊತೆಗೆ. ಹೆಡ್‌ಗಾರ್ಡ್ ಇದೆಯಲ್ವಾ ಅಂತ ಧೈರ್ಯ ಬೇಡ. ಅದು ಹುಬ್ಬು ಸೀಳುವುದನ್ನು ತಡೆಯುತ್ತೆ, ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನಲ್ಲ. ಏಟು ಬಿದ್ದ ಮೇಲೆ ತಲೆ ಸುತ್ತಿದರೆ, ವಾಕರಿಕೆ ಬಂದರೆ, ಕಣ್ಣು ಮಂಜಾದರೆ ರೌಂಡ್ ಮುಗಿಸುವ ಹಠ ಬಿಟ್ಟು ಕೆಳಗಿಳಿಯಿರಿ. ಡಾಕ್ಟರು ಸರಿ ಅನ್ನುವವರೆಗೆ ಮತ್ತೆ ರಿಂಗ್ ಹತ್ತಬೇಡಿ.