ಪೆನ್ನು ಹಿಡಿಯದೆ ಭಾಮಿನಿ ಷಟ್ಪದಿ ಕಟ್ಟಿದ ನಮ್ಮ ಕ್ರಮ: ನನ್ನ ಅನುಭವ

ಕುಷ್ಠರೋಗದಿಂದ ಗುಣವಾದವರ ನಮ್ಮ ಕಾಲೊನಿಯ ಹತ್ತು ಹನ್ನೊಂದು ಜನರ ಪದ್ಯಗಳ ಸಂಕಲನ ಅಚ್ಚಾಗಿ ಬಂದ ಮೇಲೆ, ಅದನ್ನು ಹೇಗೆ ಮಾಡಿದಿರಿ ಎಂದು ಬೇರೆ ಕಾಲೊನಿಗಳ ಗೆಳೆಯರು ಕೇಳುತ್ತಲೇ ಇದ್ದಾರೆ. ಆರಂಭದಲ್ಲಿ ಇದು ಆಗದ ಕೆಲಸವೆಂದು ಹೇಳಿದವರಲ್ಲಿ ಇಬ್ಬರು ಈಗ ಅದೇ ಕ್ರಮವನ್ನು ತಮ್ಮದೆಂಬಂತೆ ಸಭೆಗಳಲ್ಲಿ ವಿವರಿಸುತ್ತಿರುವುದರಿಂದ, ನಾನೇ ಬರೆದು ಇಡುವುದು ಒಳ್ಳೆಯದು ಎನಿಸಿತು. ಕೈಕಾಲು ನೆನೆಸಿ ಎಣ್ಣೆ ಹಚ್ಚುವ ನಿತ್ಯದ ಆರೈಕೆ, ಸ್ಪರ್ಶವಿಲ್ಲದ ಪಾದಕ್ಕೆ ಹಾಕುವ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ, ಆರು ಸಾಲಿನ ಷಟ್ಪದಿಯ ಗಣ ಹಾಕುವ ರೀತಿ ಇವೆಲ್ಲ ಓದುವವರಿಗೆ ಗೊತ್ತಿರುವ ಸಂಗತಿಗಳೆಂದು ತಿಳಿದು ಮುಂದಕ್ಕೆ ಹೋಗುತ್ತೇನೆ.

ಡ್ಯಾಪ್ಸೋನ್ ಒಂದೇ ಮಾತ್ರೆ ಇದ್ದ ಕಾಲದಲ್ಲಿ ರೋಗ ಬಂದವನು ನಾನು. ವಿಶ್ವ ಆರೋಗ್ಯ ಸಂಸ್ಥೆ 1982ರಲ್ಲಿ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿ, ಅದು ನಮ್ಮ ಊರಿನ ಕಡೆಗೆ ಬರುವ ಹೊತ್ತಿಗೆ ಮೊಳಕೈಯ ನರ ಹೋಗಿ ಎರಡು ಬೆರಳು ಮುದುಡಿದ್ದವು; ಆಮೇಲೆ ಹೆಬ್ಬೆರಳೂ ಸೋತಿತು. ರೋಗ ಗುಣವಾಯಿತು, ಕೈ ಮಾತ್ರ ಹಾಗೆಯೇ ಉಳಿಯಿತು. ನಮ್ಮ ಸಂಕಲನದ ಕವಿಗಳಲ್ಲಿ ಹೆಚ್ಚಿನವರ ಕಥೆಯೂ ಇದೇ. ಮೂವರಿಗೆ ಕಣ್ಣಿನ ರೆಪ್ಪೆ ಮುಚ್ಚದೆ ದೃಷ್ಟಿ ಹೋಗಿದೆ ಅಥವಾ ಮಸುಕಾಗಿದೆ. ಅವರು ಬರೆಯಲಾರರು, ಬರೆದದ್ದನ್ನು ಓದಿ ತಿದ್ದಲೂ ಆರರು. ನನ್ನ ಎದುರಿಗಿದ್ದ ಸಮಸ್ಯೆ ಇಷ್ಟೇ: ಪದ್ಯ ಹೇಳುವವರ ಬಾಯಿಂದ ಅಚ್ಚಿನ ಹಾಳೆಯವರೆಗೆ ಬರುವಾಗ ಅದು ಅವರದಾಗಿಯೇ ಉಳಿಯಬೇಕು.

ಮೊದಲು ದಪ್ಪ ರಬ್ಬರು ಹಿಡಿಕೆಯ ಪೆನ್ನುಗಳನ್ನು ತರಿಸಿದೆವು. ಹಿಡಿಕೆ ಚೆನ್ನಾಗಿಯೇ ಇತ್ತು, ಆದರೆ ಎಷ್ಟು ಒತ್ತುತ್ತಿದ್ದೇವೆ ಎಂಬುದು ಬೆರಳಿಗೆ ತಿಳಿಯುವುದಿಲ್ಲವಲ್ಲ. ಒಂದು ಪುಟ ಮುಗಿಯುವಷ್ಟರಲ್ಲಿ ಬೊಬ್ಬೆ, ಎರಡನೆಯ ದಿನ ಹುಣ್ಣು, ಆಮೇಲೆ ಒಂದು ತಿಂಗಳು ಬ್ಯಾಂಡೇಜು. ಆ ಬಳಿಕ ಏಳು ಸಾವಿರದ ಹತ್ತಿರ ಕೊಟ್ಟು ಒಂದು ಸ್ಮಾರ್ಟ್‌ಫೋನ್ ತಂದೆವು. ಬೆವರು ಬಾರದೆ ಒಣಗಿದ ನಮ್ಮ ಚರ್ಮವನ್ನು ಅದರ ಗಾಜು ಬೆರಳೆಂದು ಗುರುತಿಸುವುದೇ ಅಪರೂಪ. ಕೈ ನೆನೆಸಿದ ಕೂಡಲೆ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಅರ್ಧ ಗಂಟೆಯಲ್ಲಿ ಮತ್ತೆ ಮುಷ್ಕರ. ಮಾತನ್ನು ಅಕ್ಷರ ಮಾಡುವ ಸೌಲಭ್ಯವನ್ನೂ ಬಳಸಿ ನೋಡಿದೆ. ಮೂಗಿನ ಮೂಳೆ ಕುಸಿದವರ ಉಚ್ಚಾರ ಅದಕ್ಕೆ ಹಿಡಿಯಲಿಲ್ಲ. ‘ಬೆಂದರು’ ಎಂದರೆ ‘ಬಂದರು’ ಎಂದು ಬರೆಯಿತು. ನನ್ನ ಉಚ್ಚಾರ ಹಿಡಿದರೂ ಪದ್ಯದ ಹಳೆಯ ರೂಪಗಳನ್ನೆಲ್ಲ ಪತ್ರಿಕೆಯ ಕನ್ನಡಕ್ಕೆ ತಿರುಗಿಸಿ ಇಟ್ಟಿತು.

ಎಲ್ಲಕ್ಕಿಂತ ದೊಡ್ಡ ಸೋಲು ಬಂದದ್ದು ಮನುಷ್ಯರಿಂದ. ಒಂದು ಕಾಲೇಜಿನ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಬಂದು ನಮ್ಮವರು ಹೇಳಿದ್ದನ್ನು ಬರೆದುಕೊಂಡು ಹೋಗುತ್ತಿದ್ದರು. ಮಕ್ಕಳ ಮನಸ್ಸು ಒಳ್ಳೆಯದೇ. ಆದರೆ ಹಿರಿಯರೊಬ್ಬರು ‘ಮಗ ಬರಲಿಲ್ಲ, ಸಾಲ ಕೇಳಲಿಕ್ಕೂ ಬರಲಿಲ್ಲ’ ಎಂದು ಹೇಳಿದ ಸಾಲು ತಿರುಗಿ ಬರುವಾಗ ‘ಮಗ ಬರಲಿಲ್ಲ, ಕಣ್ಣೀರು ಬತ್ತಲಿಲ್ಲ’ ಎಂದಾಗಿತ್ತು. ಹೇಳಿದವರಿಗೆ ಕಣ್ಣು ಕಾಣದು, ಓದಿ ಹೇಳಿದರೂ ತಾನು ನಿನ್ನೆ ಏನು ಹೇಳಿದ್ದೆ ಎಂಬುದು ಅಕ್ಷರಶಃ ನೆನಪಿಲ್ಲ. ಛಂದಸ್ಸಿಲ್ಲದ ಮಾತಿನಲ್ಲಿ ಒಂದು ಪದ ಹೋಗಿ ಇನ್ನೊಂದು ಕುಳಿತರೆ ಕಿವಿಗೆ ಗೊತ್ತಾಗುವ ದಾರಿಯೇ ಇಲ್ಲ. ನಮ್ಮಿಂದ ದುಃಖವನ್ನೇ ಬಯಸುವವರು ಬಹಳ. ಪಡಿತರ ಅಂಗಡಿಯ ತೂಕದ ಬಗ್ಗೆ ಹೇಳಿದ ಒಂದು ಒಳ್ಳೆಯ ಗೇಲಿಯ ಪದ್ಯವೂ ಅವರ ಕೈಯಲ್ಲಿ ಶೋಕಗೀತೆಯಾಗಿತ್ತು.

ಆಗ ನಾನು ಭಾಮಿನಿ ಷಟ್ಪದಿಗೆ ಬಂದೆ, ಅಂದರೆ ಮೂರು ನಾಲ್ಕು ಮಾತ್ರೆಗಳ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಗುಂಪುಗಳಲ್ಲಿ ನಡೆಯುವ ಆರು ಸಾಲಿನ ಪದ್ಯಕ್ಕೆ. ಗದುಗಿನ ಕಡೆಯ ನಮ್ಮ ಹಳ್ಳಿಯಲ್ಲಿ ಶ್ರಾವಣದಲ್ಲಿ ಭಾಮಿನಿಯಲ್ಲಿಯೇ ಇರುವ ಕುಮಾರವ್ಯಾಸನ ಭಾರತ ಓದಿಸುತ್ತಿದ್ದರು. ಕುಮಾರವ್ಯಾಸನು ತನ್ನ ಹೆಗ್ಗಳಿಕೆಗಳನ್ನು ಹೇಳಿಕೊಳ್ಳುವಾಗ ಮೊದಲು ಎಣಿಸುವುದೇ ಹಲಗೆ ಬಳಪ ಹಿಡಿಯದಿರುವುದನ್ನು. ವಿದ್ವಾಂಸರು ಅದಕ್ಕೆ ಏನು ಅರ್ಥ ಹೇಳುತ್ತಾರೋ ಹೇಳಲಿ, ಬಳಪ ಹಿಡಿಯಲಾಗದ ನಾನು ಅದನ್ನು ಕೆಲಸದ ಸೂಚನೆಯೆಂದೇ ತೆಗೆದುಕೊಂಡೆ. ಕನ್ನಡದ ಅಧ್ಯಾಪಕರಾದ ಸ್ನೇಹಿತರೊಬ್ಬರಿಗೆ ಹೇಳಿದಾಗ, ಮಾತ್ರೆ ಪ್ರಾಸಗಳ ಸಂಕೋಲೆಯನ್ನು ಈ ಜನಕ್ಕೆ ಏಕೆ ತೊಡಿಸುತ್ತೀರಿ, ಎಂ.ಎ. ವಿದ್ಯಾರ್ಥಿಗಳಿಗೇ ಬರುವುದಿಲ್ಲ ಎಂದರು. ಬರುವುದಿಲ್ಲ, ಏಕೆಂದರೆ ಅವರು ಹಾಳೆಯ ಮೇಲೆ ಗೆರೆ ಎಳೆದು ಕಲಿಯುತ್ತಾರೆ. ನಮ್ಮವರು ಕಿವಿಯಿಂದ ಕಲಿತರು, ಎರಡು ತಿಂಗಳಲ್ಲಿ.

ಕ್ರಮ ಹೀಗಿದೆ. ಇಬ್ಬರು ಎದುರುಬದುರು ಕೂರಬೇಕು, ಒಬ್ಬರು ಕಟ್ಟುವವರು, ಇನ್ನೊಬ್ಬರು ಹಿಡಿಯುವವರು. ಭಾಮಿನಿಯ ಮೂರು ನಾಲ್ಕರ ನಡೆ ಮಿಶ್ರಛಾಪು ತಾಳದ ಏಳು ಎಣಿಕೆಗೆ ಸರಿಯಾಗಿ ಕೂರುತ್ತದೆ. ಕಾವ್ಯವನ್ನು ರಾಗದಲ್ಲಿ ಓದುವ ಗಮಕಿಗಳು ತಾಳ ಹಾಕುವುದಿಲ್ಲ, ನಾವು ಹಾಕುತ್ತೇವೆ. ಅದೂ ಮುಂಗೈಯಿಂದ, ತೊಡೆಯ ಮೇಲೆ ಮಾತ್ರ. ಮೇಜಿನ ಮೇಲೆ ಅಂಗೈಯಿಂದ ತಟ್ಟಿದರೆ ಆಗ ಏನೂ ಅನಿಸುವುದಿಲ್ಲ, ಮರುದಿನ ಅಂಗೈ ಊದಿರುತ್ತದೆ. ಕಟ್ಟುವವರು ಮೊದಲ ಮೂರು ಸಾಲು ಹೇಳುತ್ತಾರೆ, ಹಿಡಿಯುವವರು ಅದನ್ನು ಹಾಗೆಯೇ ಒಪ್ಪಿಸುತ್ತಾರೆ. ಗಟ್ಟಿಯಾದ ಮೇಲೆ ಉಳಿದ ಮೂರು. ಮರುದಿನ ಇಬ್ಬರೂ ಬೇರೆ ಬೇರೆಯಾಗಿ ಹೇಳಬೇಕು. ಎರಡೂ ಒಂದೇ ಆಗಿದ್ದರೆ ಮಾತ್ರ ಫೋನಿನಲ್ಲಿ ಧ್ವನಿ ಮುದ್ರಿಸಿ, ಬರೆಯುವ ಹುಡುಗನಿಗೆ ಕೊಡುವುದು. ಬರೆದದ್ದನ್ನು ಅವನು ತಾಳಕ್ಕೆ ಓದಬೇಕು, ನಾವು ತೊಡೆ ತಟ್ಟಿಕೊಂಡು ಕೇಳಬೇಕು.

ಈ ಕೊನೆಯ ಹಂತದಲ್ಲಿಯೇ ಕ್ರಮದ ಜೀವವಿದೆ. ನಮ್ಮ ಅಜ್ಜಿಯೊಬ್ಬರು ಕಟ್ಟಿದ ಅರ್ಧ ಪದ್ಯ ಇದು, ಅವರ ಒಪ್ಪಿಗೆಯಿಂದ ಕೊಡುತ್ತಿದ್ದೇನೆ:

ಬಿಸಿಯ ಲೋಟವ ಹಿಡಿದ ಬೆರಳಿಗೆ
ಹುಸಿಯ ತಂಪಿದೆ, ಚರ್ಮ ಬೆಂದರು
ಮಸುಕು ಕಣ್ಣಿಗೆ ಕಾಣದಿದ್ದುದ ಮೂಗು ಹೇಳಿತದೋ

ಹುಡುಗ ಅಂದವಾಗಿರಲೆಂದು ‘ಮಸುಕಾದ ಕಣ್ಣಿಗೆ’ ಎಂದು ಬರೆದು ತಂದಿದ್ದ. ಓದುತ್ತ ಮೂರನೆಯ ಸಾಲಿಗೆ ಬಂದ ಕೂಡಲೆ ಅಜ್ಜಿಯ ಮುಂಗೈ ತೊಡೆಯ ಮೇಲೆ ಅರ್ಧಕ್ಕೇ ನಿಂತಿತು. ‘ಎರಡ ಹೆಚ್ಚಾತಲ್ಲೋ ತಮ್ಮಾ’ ಎಂದರು. ಗಣ, ಗುರು, ಲಘು ಎಂಬ ಹೆಸರುಗಳನ್ನು ಅವರು ಕೇಳಿದವರಲ್ಲ. ‘ಬೆಂದರೂ’ ಎಂದು ದೀರ್ಘ ಮಾಡಿದ್ದನ್ನೂ ಹಾಗೆಯೇ ಹಿಡಿದರು. ನಡುವೆ ಯಾರು ಪದ ಹಾಕಿದರೂ ತೆಗೆದರೂ ಛಂದಸ್ಸೇ ದೂರು ಕೊಡುತ್ತದೆ, ಸಾಲುಗಳ ಎರಡನೆಯ ವ್ಯಂಜನ ಒಂದೇ ಆಗಿರಬೇಕೆಂಬ ಆದಿಪ್ರಾಸ ಸಾಕ್ಷಿ ಹೇಳುತ್ತದೆ. ತಾಳವೂ ಪ್ರಾಸವೂ ಕೆಡದಂತೆ ಪದ ಬದಲಿಸುವವರು ಇದ್ದರೆ ಅವರು ಸ್ವತಃ ಕವಿಗಳೇ ಆಗಿರಬೇಕು. ಅಂಥವರು ನಮಗೆ ಬರೆದುಕೊಡಲು ಬರುವುದಿಲ್ಲ. ಇನ್ನರ್ಧ ಪದ್ಯ ಬೇಕಾದವರು ಪುಸ್ತಕ ಕೊಂಡು ಓದಲಿ.

ಒಬ್ಬೊಬ್ಬರು ಎಷ್ಟು ಪದ್ಯ ನೆನಪಿಟ್ಟಾರು ಎಂದು ಕೇಳುತ್ತಾರೆ. ಸಾಮಾನ್ಯರು ಹತ್ತು, ಅಜ್ಜಿ ನಲವತ್ತರ ಮೇಲೆ. ಪದ್ಯಗಳ ಅನುಕ್ರಮ ಹಿಂದುಮುಂದಾಗದಂತೆ ನಾವು ಮಾಡಿಕೊಂಡ ಒಂದು ಉಪಾಯವಿದೆ, ಎರಡನೆಯ ಅರ್ಧಕ್ಕೂ ಅದೇ ಪ್ರಾಸಾಕ್ಷರದ ಪದ ಹುಡುಕುವುದರಲ್ಲಿ ಇನ್ನೊಂದಿದೆ. ಇವೆರಡನ್ನು ನಾನು ಬರೆಯುವುದಿಲ್ಲ. ನಮ್ಮಲ್ಲಿಗೆ ಬಂದು ನಾಲ್ಕು ದಿನ ಕೂತವರಿಗೆ ಹೇಳಿಕೊಡುತ್ತೇನೆ.

ಅಧ್ಯಾಪಕ ಸ್ನೇಹಿತರು ಸುಮ್ಮನಾಗಲಿಲ್ಲ. ಜಪಾನಿನ ಎಂಟು ಕುಷ್ಠರೋಗ ಆಶ್ರಮಗಳ 73 ಜನರ ಕವಿತೆಗಳು 1953ರಲ್ಲಿಯೇ ಒಂದು ಸಂಕಲನವಾಗಿ ಬಂದಿವೆ, ಅವೆಲ್ಲ ಆಧುನಿಕ ಕವಿತೆಗಳು, ನಿಮಗೇಕೆ ಭಾಮಿನಿ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದೇ ಜಪಾನಿನಲ್ಲಿ ಒಕಾಯಾಮದ ನಾಗಾಶಿಮಾ ದ್ವೀಪದ ಆಶ್ರಮದಲ್ಲಿದ್ದ ಕವಿ ಆಕಾಶಿ ಕೈಜಿನ್ ದೃಷ್ಟಿ ಹೋದ ಮೇಲೆ ಕಟ್ಟುತ್ತ ಹೋದದ್ದು ಐದು-ಏಳು-ಐದು-ಏಳು-ಏಳು ಉಚ್ಚಾರಗಳ ತಂಕಾ ಎಂಬ ಪದ್ಯಗಳನ್ನು. 1939ರಲ್ಲಿ ಅವನ ತಂಕಾ ಸಂಕಲನ ಬಂತು, ಅದೇ ವರ್ಷ ಅವನು ತೀರಿಕೊಂಡ. ಆ ಆಶ್ರಮಗಳಲ್ಲಿ ತಂಕಾ, ಹೈಕು ಕಟ್ಟುವ ಕೂಟಗಳು ಬಹಳ ಇದ್ದವು. ಮೂವತ್ತೊಂದು ಉಚ್ಚಾರಗಳ ಪದ್ಯವನ್ನು ಹಾಸಿಗೆಯಲ್ಲಿ ಮಲಗಿಯೂ ತಲೆಯಲ್ಲಿ ತಿದ್ದಬಹುದು, ನೆರೆಯವರಿಂದ ಬರೆಸಬಹುದು ಎಂಬುದು ನನಗೆ ಕಂಡ ಕಾರಣ. ಅವರಿಗೆ ದೊಡ್ಡ ಅಡ್ಡಿ ಇದ್ದದ್ದು ಕಾನೂನು: 1931ರ ಕಾಯ್ದೆ ರೋಗಿಗಳೆಲ್ಲರನ್ನೂ ಪ್ರತ್ಯೇಕಿಸಿತು, ಔಷಧ ಬಂದ ಮೇಲೂ 1953ರಲ್ಲಿ ಅದನ್ನು ಹೊಸದಾಗಿ ಬರೆದು ಮುಂದುವರಿಸಿದರು, 1996ರವರೆಗೆ ಅದು ಹೋಗಲಿಲ್ಲ. ನಾವು ಬಸ್ಸು ಹತ್ತಿ ಗಮಕ ಕೇಳಿ ಬರಬಲ್ಲೆವು. ಅಷ್ಟರ ಮಟ್ಟಿಗೆ ನಾವು ಅದೃಷ್ಟವಂತರು, ಕುಷ್ಠರೋಗಿಗಳನ್ನು ಪ್ರತ್ಯೇಕಿಸುವ ನಮ್ಮ ದೇಶದ 1898ರ ಕಾಯ್ದೆಯನ್ನು ರದ್ದು ಮಾಡಲು 2016ರವರೆಗೆ ತಡೆದಿದ್ದರೂ.

ಜಪಾನಿನ ವಿಷಯ ಬಂದದ್ದರಿಂದ ಒಂದು ಅಡ್ಡ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಅಲ್ಲಿನ ಅಂಧ ರೋಗಿಗಳು ಬೆರಳ ತುದಿಗೆ ಸ್ಪರ್ಶವಿಲ್ಲದ್ದರಿಂದ ಬ್ರೈಲನ್ನು ತುಟಿ ನಾಲಿಗೆಗಳಿಂದ ಓದಲು ಕಲಿತರು. ನಾಗಾಶಿಮಾದಲ್ಲಿ ಹಾರ್ಮೋನಿಕಾ ವಾದ್ಯತಂಡ ಕಟ್ಟಿದ ಕೊಂಡೊ ಕೋಯಿಚಿ ಸ್ವರಲಿಪಿಯನ್ನೇ ಹಾಗೆ ಓದುತ್ತಿದ್ದ. ನಮ್ಮಲ್ಲಿ ಒಬ್ಬರು ಕನ್ನಡ ಬ್ರೈಲನ್ನು ತುಟಿಯಿಂದ ಓದಲು ತೊಡಗಿದರು. ಅಕ್ಷರಗಳು ಸಿಕ್ಕವು, ಆದರೆ ಎಂಜಲು ತಾಗಿ ಕಾಗದದ ಚುಕ್ಕಿಗಳು ಬೇಗನೆ ಕೂತುಹೋದವು. ಪ್ಲಾಸ್ಟಿಕ್ ಹಾಳೆಯಲ್ಲಿ ಒತ್ತಿಸಲು ಹಣ ಸಾಲಲಿಲ್ಲ. ಸಿಕ್ಕರೆ ಮತ್ತೆ ಮಾಡಿಸುತ್ತೇನೆ.

ಬೇರೆ ಛಂದಸ್ಸುಗಳನ್ನೂ ಹಿಡಿದು ನೋಡಿದ್ದೇವೆ. ಹೊಸಬರಿಗೆ ನಾಲ್ಕು ನಾಲ್ಕು ಮಾತ್ರೆಯ ಶರ ಷಟ್ಪದಿ ಒಳ್ಳೆಯ ಅಂಬೆಗಾಲು. ವಾರ್ಧಕ ಷಟ್ಪದಿಯ ಇಪ್ಪತ್ತು ಮಾತ್ರೆಯ ಸಾಲು ಉಸಿರಿನ ತೊಂದರೆ ಇರುವ ಹಿರಿಯರಿಗೆ ಒಂದೇ ಪಟ್ಟಿಗೆ ಬರುವುದಿಲ್ಲ. ನಾಲ್ಕು ಸಾಲಿನ ಕಂದ ಪದ್ಯ ನಮ್ಮಲ್ಲಿ ಯಾರಿಗೂ ಒಲಿಯಲಿಲ್ಲ. ಹೆಂಗಸರಿಗೆ ಬೀಸುವ ಪದಗಳಿಂದ ತ್ರಿಪದಿ ಮೊದಲೇ ಬರುತ್ತಿತ್ತು, ಅದು ಸೊಗಸೂ ಹೌದು. ಆದರೆ ತ್ರಿಪದಿ ಹಾಡಿನಲ್ಲಿ ಎಳೆದರೆ ಎಳೆದಷ್ಟು ಹಿಗ್ಗುವುದರಿಂದ ಸೇರಿದ ಪದವನ್ನು ಅದು ಹಿಡಿದುಕೊಡುವುದಿಲ್ಲ. ಗಂಡ ಬಿಟ್ಟುಹೋದ ಅಕ್ಕನೊಬ್ಬರು, ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿ ಕೊಡುವ ಅವಕಾಶವನ್ನು 2019ರಲ್ಲಿ ತೆಗೆದುಹಾಕಿದ ಸುದ್ದಿ ಕೇಳಿ, ಮೊದಲು ತ್ರಿಪದಿಯಲ್ಲಿ ಹೇಳಿದ್ದನ್ನು ಆಮೇಲೆ ತಾವೇ ಭಾಮಿನಿಗೆ ತಿರುಗಿಸಿದರು. ಕಾನೂನು ಸರಿಯಾಯಿತು, ಗಂಡನಿಗೆ ಈಗ ಎಪ್ಪತ್ತು ಎಂಬ ಅವರ ಗೇಲಿ ನಮ್ಮ ಪುಸ್ತಕದಲ್ಲಿ ಹೆಚ್ಚು ಜನ ನಕ್ಕ ಪದ್ಯ.

ಹಣದ ವಿಷಯ. ಡಿಟಿಪಿಗೆ ಮೂರು ಸಾವಿರದ ಆಸುಪಾಸು ಹೋಯಿತು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಮತ್ತೆ ಸಾವಿರ ಕೊಡಬೇಕಾಯಿತು. ಆದ್ದರಿಂದ ಮೊದಲಿಂದಲೇ ಯೂನಿಕೋಡಿನಲ್ಲಿ ಮಾಡಿಸಿರಿ. ಡೆಮಿ ಆಕಾರದ ತೊಂಬತ್ತಾರು ಪುಟ, ಐನೂರು ಪ್ರತಿ, ಎಲ್ಲ ಸೇರಿ ನಲವತ್ತು ಸಾವಿರ ದಾಟಿತು. ಕವಿಗಳು ತಮ್ಮ ಮಾಸಾಶನದಿಂದ ತಲೆಗೆ ಸಾವಿರದಂತೆ ಹಾಕಿದರು. ಒಬ್ಬ ದಾನಿ ಪೂರ್ತಿ ಖರ್ಚು ಕೊಡಲು ಮುಂದೆ ಬಂದರು, ಆದರೆ ಮುಖಪುಟದಲ್ಲಿ ನಮ್ಮ ಕೈಗಳ ಫೋಟೋ ಇರಬೇಕೆಂದರು, ಬೇಡವೆಂದೆವು. ಉಳಿದದ್ದನ್ನು ಮುಂಗಡ ಕೊಂಡವರಿಂದ ತುಂಬಿಸಿದೆವು. ತೊಂಬತ್ತು ರೂಪಾಯಿಯ ಪುಸ್ತಕ ಮುನ್ನೂರಕ್ಕೂ ಹೆಚ್ಚು ಹೋಗಿದೆ. ಒಂದು ಅಂಗಡಿಯಿಂದ ಕಟ್ಟು ಬಿಚ್ಚದೆಯೇ ಮರಳಿ ಬಂತು, ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ; ಆ ಕಟ್ಟು ಒಂದು ಗಮಕ ಕಾರ್ಯಕ್ರಮದಲ್ಲಿ ಒಂದೇ ಸಂಜೆ ಖಾಲಿಯಾಯಿತು.

ಅಧ್ಯಾಪಕ ಸ್ನೇಹಿತರು ಈಗ ತಮ್ಮ ವಿದ್ಯಾರ್ಥಿಗಳಿಗೆ ಗಣ ಹಾಕಿಸಲು ನಮ್ಮ ಪುಸ್ತಕದ ಪದ್ಯಗಳನ್ನೇ ಕೊಡುತ್ತಾರೆ, ಇದುವರೆಗೆ ಒಂದೇ ಒಂದು ಸಾಲಿನಲ್ಲಿ ಮಾತ್ರೆ ತಪ್ಪಿದೆಯೆಂದು ತೋರಿಸಿದ್ದಾರೆ, ಅದು ಅಚ್ಚಿನ ತಪ್ಪು. ಎರಡನೆಯ ಸಂಕಲನಕ್ಕೆ ಇನ್ನೂ ಹದಿನೈದು ಸಾವಿರ ಕೂಡಬೇಕಾಗಿದೆ. ಪಕ್ಕದ ಜಿಲ್ಲೆಯ ಕಾಲೊನಿಯ ನಾಲ್ವರು ಬರುವ ತಿಂಗಳು ಕಲಿಯಲು ಬರುತ್ತಾರೆ. ಬರುವವರು ಜೋಡಿಯಾಗಿಯೇ ಬರಬೇಕು, ಒಬ್ಬರೇ ಬಂದರೆ ಈ ಕ್ರಮ ನಡೆಯುವುದಿಲ್ಲ.