ಒಳಗನ್ನೂ ತಿರುಗಿಸಿ ನೋಡಿ: ಬಟ್ಟೆಯ ಪೌಚು, ಚೀಲ ಹೊಲಿದ ನನ್ನ ಅನುಭವ

ಉಡುಗೊರೆಗೆಂದು ಹೊಲಿದ ವಸ್ತು ಕಪಾಟಿನಲ್ಲೇ ಉಳಿದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅದು ಬಳಕೆಗೆ ಬರಬೇಕು, ಕೊಳೆಯಾಗಬೇಕು, ಒಗೆದ ಮೇಲೆ ಮತ್ತೆ ಕೈಗೆ ಸಿಗಬೇಕು. ಆದ್ದರಿಂದ ಏನಾದರೂ ಹೊಲಿಯುವ ಮುನ್ನ, ಇದನ್ನು ಪಡೆದವರು ವಾರದಲ್ಲಿ ಎಷ್ಟು ಸಲ ಮುಟ್ಟುತ್ತಾರೆ ಎಂದು ಯೋಚಿಸುತ್ತೇನೆ. ಹಾಗೆ ಯೋಚಿಸುತ್ತಾ ನನ್ನ ಬಳಿ ಉಳಿದುಕೊಂಡವು ಕೆಲವೇ: ಜಿಪ್ ಪೌಚು, ಹೆಗಲಿಗೆ ಹಾಕುವ ಚೀಲ, ದಿಂಬಿನ ಕವರ್, ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಲಾಡಿ ಎಳೆದು ಮುಚ್ಚುವ ಸಣ್ಣ ಸಂಚಿ. ಬಟ್ಟೆಯ ಹೂವು, ಗೋಡೆಯ ಅಲಂಕಾರಗಳನ್ನು ಹೊಲಿಯಲು ಖುಷಿಯಾಗುತ್ತದೆ. ಆದರೆ ಅಂಥದ್ದೇ ಇನ್ನೊಂದು ಬೇಕೆಂದು ಕೇಳಿಕೊಂಡು ಬರುವವರು ಅಪರೂಪ. ಪೌಚು ಕೊಂಡವರು ತಂಗಿಗೆ, ಗೆಳತಿಗೆ ಎಂದು ಮತ್ತೆ ಬರುತ್ತಾರೆ.

ಹೊಸ ಹತ್ತಿ ಬಟ್ಟೆಗೆ ತಂದ ಕೂಡಲೇ ಕತ್ತರಿ ಹಾಕುವುದಿಲ್ಲ. ನೀರಿನಲ್ಲಿ ನೆನೆಸಿ, ಒಗೆದು, ಇನ್ನೂ ತುಸು ಹಸಿ ಇರುವಾಗಲೇ ಇಸ್ತ್ರಿ ಮಾಡುತ್ತೇನೆ. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಶೇಕಡಾ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. ಹೊರಗೆ ಒಗೆಯದ ಹತ್ತಿ, ಒಳಗೆ ಕುಗ್ಗದ ಪಾಲಿಯೆಸ್ಟರ್ ಲೈನಿಂಗ್ ಇದ್ದರೆ ಕೊಂಡವರ ಮನೆಯಲ್ಲಿ ಮೊದಲ ಸಲ ಒಗೆದಾಗಲೇ ಚೀಲ ಸುಕ್ಕುಗಟ್ಟುತ್ತದೆ. ಗಾಢ ಬಣ್ಣದ ಬಟ್ಟೆಯಾದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ, ಬಣ್ಣ ಬಿಡುತ್ತದೆಯೇ ಎಂದು ನೋಡುತ್ತೇನೆ. ಬಿಟ್ಟರೆ ಅದಕ್ಕೆ ತಿಳಿಬಣ್ಣದ ಲೈನಿಂಗ್ ಕೊಡುವುದಿಲ್ಲ.

ನಾನು ಅತಿ ಹೆಚ್ಚು ಹೊಲಿಯುವುದು ಜಿಪ್ ಪೌಚು. ಕೊಳ್ಳುವವರು ಅದನ್ನು ಕೈಗೆತ್ತಿಕೊಂಡ ಕೂಡಲೇ ಜಿಪ್ ಎಳೆದು ಒಳಗೆ ಇಣುಕುತ್ತಾರೆ. ಅಲ್ಲಿ ನೂಲು ನೇತಾಡುತ್ತಿದ್ದರೆ ಹೊರಗಿನ ಅಂದಕ್ಕೆ ಬೆಲೆಯಿಲ್ಲ. ಹೊರಬಟ್ಟೆ ಎರಡು, ಲೈನಿಂಗ್ ಎರಡು, ಎಲ್ಲವೂ 22 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ. ಸುತ್ತಲೂ ಹೊಲಿಗೆಗೆಂದು ಬಿಡುವ ಅಂಚು, ಅಂದರೆ ಮಾರ್ಜಿನ್, 1 ಸೆಂ.ಮೀ. ಬಟ್ಟೆಗೆ ಬಿಗಿ ಬರಲೆಂದು ಹೊರಬಟ್ಟೆಯ ಹಿಂದೆ ಇಸ್ತ್ರಿಯಿಂದ ಅಂಟಿಸುವ ಪದರ, ಫ್ಯೂಸಿಂಗ್ ಅನ್ನು ಮಾತ್ರ ಮಾರ್ಜಿನ್ ಬಿಟ್ಟು, 20 x 13 ಅಳತೆಗೆ ಕತ್ತರಿಸುತ್ತೇನೆ. ಹೊಲಿಗೆಯ ಜಾಗದಲ್ಲಿ ಫ್ಯೂಸಿಂಗ್ ಇಲ್ಲದಿದ್ದರೆ ಮೂಲೆಗಳು ದಪ್ಪವಾಗುವುದಿಲ್ಲ. ನೈಲಾನ್ ಜಿಪ್‌ನ ಎರಡೂ ತುದಿಗಳಿಗೆ ಪುಟ್ಟ ಬಟ್ಟೆಯ ಪಟ್ಟಿ ಹೊಲಿದು, ಪಕ್ಕದ ಹೊಲಿಗೆಯೊಳಗೆ ಆ ಪಟ್ಟಿ ಮಾತ್ರ ಸೇರುವಂತೆ ಮಾಡುತ್ತೇನೆ. ಜಿಪ್‌ನ ಹಲ್ಲುಗಳೇ ಹೊಲಿಗೆಯೊಳಗೆ ಸಿಕ್ಕಿಕೊಂಡರೆ ಪೌಚಿನ ಮೇಲಿನ ಎರಡು ಮೂಲೆಗಳು ಒಳಕ್ಕೆ ಜಗ್ಗುತ್ತವೆ.

ಹೊರಬಟ್ಟೆಯ ಚಿತ್ತಾರ ಮೇಲ್ಮುಖವಾಗಿರಲಿ, ಅದರ ಮೇಲೆ ಜಿಪ್ ಬೋರಲಾಗಿ, ಅದರ ಮೇಲೆ ಲೈನಿಂಗ್ ಬೋರಲಾಗಿ. ಮೂರನ್ನೂ ಸೇರಿಸಿ, ಹೊಲಿಗೆ ಯಂತ್ರಕ್ಕೆ ಜಿಪ್ ಫುಟ್ (ಜಿಪ್ ಹೊಲಿಯಲೆಂದೇ ಇರುವ ಕಿರಿದಾದ ಪಾದ) ಹಾಕಿ ಹೊಲಿದ ನಂತರ ಎರಡೂ ಬಟ್ಟೆಗಳನ್ನು ಜಿಪ್‌ನಿಂದ ಆಚೆಗೆ ಮಡಿಸಿ ಇಸ್ತ್ರಿ ಮಾಡಬೇಕು. ಆಮೇಲೆ ಮಡಿಕೆಯಿಂದ 2-3 ಮಿ.ಮೀ. ದೂರದಲ್ಲಿ ಮೇಲಿನಿಂದ ಇನ್ನೊಂದು ಸಾಲು ಹೊಲಿಗೆ. ಈ ಸಾಲು ಅಂದಕ್ಕಾಗಿ ಎಂದು ಹಲವರು ತಿಳಿಯುತ್ತಾರೆ, ಆದರೆ ಲೈನಿಂಗ್ ಜಿಪ್‌ಗೆ ಸಿಕ್ಕದಂತೆ ತಡೆಯುವುದು ಅದೇ. ಜಿಪ್‌ನ ಇನ್ನೊಂದು ಬದಿಗೂ ಉಳಿದ ಎರಡು ತುಂಡುಗಳನ್ನು ಹೀಗೆಯೇ ಹೊಲಿಯುತ್ತೇನೆ. ಪಕ್ಕಗಳನ್ನು ಮುಚ್ಚುವ ಮುನ್ನ ಜಿಪ್ ಅನ್ನು ಅರ್ಧ ತೆರೆದಿಟ್ಟು, ಲೈನಿಂಗ್‌ನ ತಳದಲ್ಲಿ ಸುಮಾರು 8 ಸೆಂ.ಮೀ. ಹೊಲಿಯದೆ ಬಿಡುತ್ತೇನೆ. ಅಲ್ಲಿಂದ ಪೌಚನ್ನು ಹೊರಮಗ್ಗುಲಿಗೆ ತಿರುಗಿಸಿ, ಮೊಂಡು ಪೆನ್ಸಿಲ್ಲಿನಿಂದ ಮೂಲೆಗಳನ್ನು ಮೆಲ್ಲಗೆ ನೂಕಿ, ಲೈನಿಂಗ್‌ನಲ್ಲಿ ಬಿಟ್ಟಿದ್ದ ಆ ಜಾಗವನ್ನು ಕೈಹೊಲಿಗೆಯಿಂದ ಮುಚ್ಚಿದರೆ ಒಳಗೆ ಒಂದೂ ಕತ್ತರಿಸಿದ ಅಂಚು ಕಾಣುವುದಿಲ್ಲ. ಆ ಕ್ಷಣದ ಸಂತೋಷ ನನಗೆ ಇನ್ನೂ ಹಳತಾಗಿಲ್ಲ.

ಚೀಲದಲ್ಲಿ ಸೋಲುವುದು ಸಾಮಾನ್ಯವಾಗಿ ಹಿಡಿಕೆಯ ಬುಡ. ಹೆಗಲಿಗೆ ಹಾಕುವುದಾದರೆ ಒಂದೊಂದು ಹಿಡಿಕೆಗೂ 65ರಿಂದ 70 ಸೆಂ.ಮೀ. ಉದ್ದ ಬೇಕು, ಅದನ್ನು ಬಟ್ಟೆಯ ಉದ್ದದ ಎಳೆಗೇ ಕತ್ತರಿಸಬೇಕು. ಅಡ್ಡಕ್ಕೆ ಕತ್ತರಿಸಿದ ಹಿಡಿಕೆ ಭಾರಕ್ಕೆ ಹೆಚ್ಚು ಹಿಗ್ಗುತ್ತದೆ. ಬುಡದಲ್ಲಿ ಚೌಕಾಕಾರವಾಗಿ ಹೊಲಿದು, ನಡುವೆ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೆರೆ ಹಾಕಿ, ಒಳಗಡೆ ಒಂದು ತುಂಡು ದಪ್ಪ ಬಟ್ಟೆಯ ಆಸರೆ ಕೊಡುತ್ತೇನೆ. ಜೀನ್ಸ್ ಅಥವಾ ಕ್ಯಾನ್ವಾಸ್ ಬಟ್ಟೆಗೆ 16ನೇ ನಂಬರಿನ ಸೂಜಿ, ಸಾಧಾರಣ ಹತ್ತಿಗೆ 14. ಬಟ್ಟೆಗೆ ಇಳಿಯುವಾಗ ಸೂಜಿ ಟಕ್ ಎಂದು ಸದ್ದು ಮಾಡತೊಡಗಿದರೆ ಅದು ಮೊಂಡಾಗಿದೆ ಎಂದೇ ತಿಳಿದು ಬದಲಿಸುತ್ತೇನೆ.

ಬಿಸಿ ಪಾತ್ರೆ ಹಿಡಿಯುವ ಬಟ್ಟೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಹೊರಬಟ್ಟೆ, ಒಳಪದರ, ನೂಲು, ಅಂಚಿನ ಪೈಪಿಂಗ್ ಎಲ್ಲವೂ ಹತ್ತಿಯೇ ಆಗಿರಬೇಕು. ಪಾಲಿಯೆಸ್ಟರ್ ಹೆಚ್ಚಿನ ಬಿಸಿಗೆ ಕರಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟುತ್ತದೆ. ಹಳೆಯ ಹತ್ತಿ ಟವೆಲ್ಲಿನ ಪದರಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ. ಒದ್ದೆಯಾದಾಗ ಬಳಸಬೇಡಿ, ನೀರು ಬಿಸಿಯನ್ನು ಬೇಗ ಕೈಗೆ ತಲುಪಿಸುತ್ತದೆ ಎಂದು ಚೀಟಿಯಲ್ಲಿ ಬರೆದೇ ಕೊಡುತ್ತೇನೆ.

ದಿಂಬಿನ ಕವರ್ ಸುಲಭ. 40 ಸೆಂ.ಮೀ. ಚೌಕದ ದಿಂಬಿಗೆ ಮುಂಭಾಗ 40 x 40, ಹಿಂಭಾಗಕ್ಕೆ 40 x 28ರ ಎರಡು ತುಂಡು. ಹಿಂಭಾಗದ ಒಂದೊಂದು ಅಂಚನ್ನು 3 ಸೆಂ.ಮೀ. ಮಡಿಸಿ ಹೊಲಿದರೆ ಅವು ಒಂದರ ಮೇಲೊಂದು 10 ಸೆಂ.ಮೀ. ಕೂರುತ್ತವೆ, ಜಿಪ್ ಬೇಕಿಲ್ಲ. ಸುತ್ತಲೂ 1 ಸೆಂ.ಮೀ. ಮಾರ್ಜಿನ್ ಹೋಗಿ, ಹೊಲಿದಾಗ ಕವರ್ 38 ಸೆಂ.ಮೀ. ಆಗುವುದರಿಂದ ದಿಂಬು ಒಳಗೆ ಬಿಗಿಯಾಗಿ ತುಂಬಿಕೊಂಡು ಚೆನ್ನಾಗಿ ಕಾಣುತ್ತದೆ.

ಮಾರುವುದಕ್ಕಾದರೆ ಒಂದೊಂದಾಗಿ ಹೊಲಿಯುವುದು ನಷ್ಟದ ಬಾಬತ್ತು. ಒಂದು ದಿನ ಎಲ್ಲವನ್ನೂ ಕತ್ತರಿಸಿ, ಫ್ಯೂಸಿಂಗ್ ಅಂಟಿಸಿ ಇಡುತ್ತೇನೆ. ಇನ್ನೊಂದು ದಿನ ಬರೀ ಜಿಪ್. ಬೆಲೆ ಕಟ್ಟುವಾಗ ಬಟ್ಟೆ, ಜಿಪ್, ಫ್ಯೂಸಿಂಗ್, ನೂಲಿನ ಜೊತೆಗೆ ಇಸ್ತ್ರಿಯ ವಿದ್ಯುತ್ತು, ಸವೆದ ಸೂಜಿ, ಕತ್ತರಿಸಿ ಇಸ್ತ್ರಿ ಮಾಡಿದ ಹೊತ್ತು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ. ಕಾರ್ಖಾನೆಯ ಚೀಲದ ಬೆಲೆಗೆ ಸರಿದೂಗಿಸಲು ಹೋಗಿ ಲೈನಿಂಗ್ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಅಗ್ಗದ್ದೇ ಬೇಕೆನ್ನುವವರಿಗೆ ಸಣ್ಣ ಅಳತೆಯ ಪೌಚು ತೋರಿಸುತ್ತೇನೆ. ಫೋಟೊ ತೆಗೆಯುವಾಗ ಹೊರಗಿನದೊಂದು, ಜಿಪ್ ತೆರೆದು ಒಳಗಿನದೊಂದು. ನನ್ನ ಪೌಚಿನ ಜಿಪ್ ಕೆಟ್ಟರೆ ಮರಳಿ ತಂದುಕೊಡಿ ಎಂದೂ ಹೇಳುತ್ತೇನೆ. ಹಳೆಯ ಹೊಲಿಗೆ ಬಿಚ್ಚಿ ಹೊಸ ಜಿಪ್ ಕೂರಿಸಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಬಟ್ಟೆಯಂತೂ ಇನ್ನೂ ಗಟ್ಟಿಯಾಗಿಯೇ ಇರುತ್ತದೆ.