ಖಾಲಿ ಗೋದಲಿ ತೋರಿಸಿದ ದಾರಿ

1972ರ ಬರ ಕಂಡವರ ನೆನಪು ಬರೆದಿಡೋಣ ಅಂತ ವಿಜಯಪುರ ಜಿಲ್ಲೆಯ ಇಂಡಿ ಕಡೆ ಓಡಾಡಲು ಶುರು ಮಾಡಿದಾಗ ನನ್ನ ಚೀಲದಲ್ಲಿ ಪ್ರಶ್ನೆಗಳ ದೊಡ್ಡ ಪಟ್ಟಿ ಇತ್ತು. ಎಷ್ಟು ದಿನ ಉಪವಾಸ ಇದ್ರಿ? ಏನು ತಿಂದ್ರಿ? ಗುಳೆ ಎಲ್ಲಿಗೆ ಹೋದ್ರಿ? "ಇದ್ದಾಗ ತಿಂದ್ವಿ, ಇಲ್ಲದಾಗ ನೀರು ಕುಡದ್ವಿ" ಅನ್ನೋರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ ಸುಮ್ನೆ ಕೂತುಬಿಡುತ್ತಿದ್ದರು.

ಒಂದು ಮನೆಯಲ್ಲಿ ಗೋದಲಿ, ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿ, ಮೇವಿಲ್ಲದೆ ಖಾಲಿ ಇತ್ತು. ಅದರ ತುಂಬ ಗೊಬ್ಬರದ ಚೀಲ ತುರುಕಿದ್ದರು. ಮಾತಿಗೆ ಮಾತು ಅಂತ, "ಎತ್ತು ಇದ್ದುವೇನು ಅಜ್ಜಾ?" ಅಂದೆ. "ಅವುಗಳ ಸುದ್ದಿ ತಗೀಬ್ಯಾಡೋ ತಮ್ಮಾ" ಅಂದವರು ಒಂದು ತಾಸು ನಿಲ್ಲಿಸಲೇ ಇಲ್ಲ. ಮೇವಿಲ್ಲದೆ ಸಂತೆಯಲ್ಲಿ ಜೋಡಿ ಮಾರಿದ್ದು. ಅವುಗಳಲ್ಲೊಂದು ರಾತ್ರೋರಾತ್ರಿ ಹಗ್ಗ ಹರಕೊಂಡು ವಾಪಸ್ ಬಂದು ಇದೇ ಗೋದಲಿಗೆ ಮೂತಿ ಹಾಕಿ ನಿಂತದ್ದು. "ಒಂದು ಹಿಡಿ ಕಣಕಿ ಇರಲಿಲ್ಲ, ಅದರ ಹೊಟ್ಟಿ ಬೆನ್ನಿಗೆ ಹತ್ತಿತ್ತು" ಅಂದರು. ಅವರ ಹೊಟ್ಟೆಯ ಸುದ್ದಿ ಆ ಒಂದು ತಾಸಿನಲ್ಲಿ ಬರಲೇ ಇಲ್ಲ. ಬಂದಿತ್ತು, ಎತ್ತಿನ ಬಾಯಿಂದ ಬಂದಿತ್ತು ಅಂತ ನನಗೆ ತಿಳಿದದ್ದು ಮನೆಗೆ ಬಂದು ರೆಕಾರ್ಡಿಂಗ್ ಮತ್ತೆ ಕೇಳಿದಾಗ.

ಪಟ್ಟಿ ಬಿಟ್ಟೆ. ಎತ್ತಿನಿಂದಲೇ ಮಾತು ಶುರು ಮಾಡತೊಡಗಿದೆ.

ಆಗ ಇನ್ನೊಂದು ಪೇಚು. ತಿರುಗಿ ಬಂದ ಎತ್ತು ಮೂರು ಊರಲ್ಲಿ ಸಿಕ್ಕಿತು. ಎಲ್ಲರ ಎತ್ತೂ ಹಗ್ಗ ಹರಕೊಂಡು ಬರುತ್ತಾ? ಕಥೆಯೂ ಊರಿಂದ ಊರಿಗೆ ಗುಳೆ ಹೋಗುತ್ತೆ. ಅದಕ್ಕೇ ಸಣ್ಣ ಸಣ್ಣ ಪ್ರಶ್ನೆ ಕೇಳುವುದನ್ನು ಕಲಿತೆ: ಬಣ್ಣ ಯಾವುದು, ಎಡಕ್ಕೆ ಹೂಡ್ತಿದ್ರೋ ಬಲಕ್ಕೋ, ಸಂತೆಯಲ್ಲಿ ಹಗ್ಗ ಹಿಡಿದವರು ಯಾರು. ಕಂಡವರು ತಡವರಿಸದೆ ಹೇಳುತ್ತಾರೆ. ಬೇರೆಯವರಿಂದ ಕೇಳಿದವರು ತಡವರಿಸುತ್ತಾರೆ. ಹಾಗಂತ ಕೇಳಿದ ಕಥೆಯನ್ನು ನಾನು ಎಸೆಯಲಿಲ್ಲ, ಬೇರೆ ವಹಿಯಲ್ಲಿ ಬರೆದೆ. ಒಬ್ಬರು 72ರ ಮಾತಿನ ನಡುವೆ "ಹೊಲದ ತುಂಬ ಬುರುಡೆ" ಅಂದರು. ಅದು 1791-92ರ ಡೋಗಿ ಬರದ ಮಾತು. ಬುರುಡೆಗಳಿಂದಲೇ ಆ ಬರಕ್ಕೆ ಆ ಹೆಸರು. 72ರವರ ಮಾತಲ್ಲಿ ಬರುವುದು ಬರಗಾಲದ ಕೂಲಿಗೆ ಕಲ್ಲು ಒಡೆಯುವ ಕಾಮಗಾರಿ, ಪರಿಹಾರಕ್ಕೆ ಬಂದ ಕೆಂಪು ಜೋಳ.

ರೊಟ್ಟಿ ಸುಡುವ ಹಂಚು ಕೂಡ ಮತ್ತೆ ಮತ್ತೆ ಬರುತ್ತೆ. ಮಳೆ ಹೋದರೆ ಹುಡುಗನ ತಲೆ ಮೇಲೆ ಆ ಹಂಚು ಇಟ್ಟು, ಅದರಲ್ಲಿ ಗುರ್ಜಿ ಅನ್ನೋ ಸಗಣಿಯ ಮೂರ್ತಿ ಕೂರಿಸಿ, ಗರಿಕೆ ಸಿಕ್ಕಿಸಿ ಮನೆಮನೆಗೆ ತಿರುಗುತ್ತಾರೆ. ಹೆಂಗಸರು ಮೇಲೆ ನೀರು ಸುರಿಯುತ್ತಾರೆ. ಬೆಂಕಿ ಮೇಲಿರಬೇಕಾದ ಹಂಚು ನೀರಲ್ಲಿ ತೊಯ್ಯುತ್ತೆ. ಇದಕ್ಕೆ ನಾನು ಅರ್ಥ ಹೇಳಹೋದರೆ ಅಲ್ಲಿಯವರು ನಗುತ್ತಾರೆ, ಬಿಡಿ.

ಎತ್ತಿನ ವಿಷಯ ಮಾತ್ರ ಹಾಗಲ್ಲ. ಕಾರಹುಣ್ಣಿಮೆಗೆ ಕರಿ ಹರಿಯುವಾಗ, ಅಂದರೆ ಎತ್ತು ಓಡಿಸಿ ಕಟ್ಟಿದ ತೋರಣ ಹರಿಯುವಾಗ, ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಚೆನ್ನ, ಕೆಂದೆತ್ತು ಬಂದರೆ ಮುಂಗಾರಿ ಅನ್ನುತ್ತಾರೆ. ಎತ್ತು ಮಾರಿದವನು ಬರುವ ವರ್ಷದ ಸುದ್ದಿಯನ್ನೂ ಮಾರಿದ ಹಾಗೆ, ಅಲ್ವಾ? ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮಣ್ಣಲ್ಲಿ ಜೋಡೆತ್ತು ಮಾಡಿ, ಮಣ್ಣಿಂದಲೇ ಗೋದಲಿ ಮಾಡಿ ಪೂಜೆ.

ಎತ್ತು ಮಾರಿದ ಮನೆಯ ಒಬ್ಬ ಅಮ್ಮನನ್ನು, "ಆ ವರ್ಷ ಮಣ್ಣೆತ್ತು ಮಾಡಿದ್ರೇನು ಯವ್ವಾ?" ಅಂತ ಕೇಳಿದೆ.

"ಮಾಡಿದ್ವಿ. ಗ್ವಾದಲಿ ಅಷ್ಟ ಮಾಡಲಿಲ್ಲ. ಖರೇ ಗ್ವಾದಲಿ ಖಾಲಿ ಇತ್ತಲ್ಲ, ಅದರಾಗ ಇಟ್ವಿ."

"ಮುಂದೆ ಏನು ಹಾಕಿದ್ರಿ?"

"ಒಂದು ಹಿಡಿ ಕೆಂಪು ಜ್ವಾಳ. ಪೂಜಾ ಮುಗದ ಮ್ಯಾಲ ಅದನ್ನ ಬಳಕೊಂಡು ಅಂಬಲಿ ಕಾಸಿದ್ವಿ."